ಥಾಯ್ ಸುದ್ದಿಯಲ್ಲಿ ಗಿರಾಕಿ 'ಅತಿಥಿ', ಲೈಂಗಿಕ ಕಾರ್ಯಕರ್ತೆ 'ಹುಣಸೆಮರದ ದೆವ್ವ'. ಇದು ನಿಜವಾ, ಅನುವಾದದ ತಪ್ಪಾ?

ತುಂಗೆ_ದಡದವಳು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡುತ್ತಿದ್ದೇನೆ. ಪ್ರಬಂಧಕ್ಕೆ ಹೊರದೇಶದ ಪತ್ರಿಕೆಗಳ ಭಾಷೆ ನೋಡಿ ಅಂದರು. ಎಲ್ಲರೂ ಬ್ರಿಟನ್, ಅಮೆರಿಕ ಅಂತ ಹೋದರು. ನಾನು ಥಾಯ್ಲೆಂಡ್ ತಗೊಂಡೆ, ಅದರಲ್ಲೂ ಅಲ್ಲಿನ ಸುದ್ದಿಗಳು ಲೈಂಗಿಕ ಕಾರ್ಯಕರ್ತೆಯರ ಬಗ್ಗೆ ಹೇಗೆ ಬರೆಯುತ್ತವೆ ಅನ್ನುವುದು. ನನಗೆ ಥಾಯ್ ಒಂದಕ್ಷರ ಬರುವುದಿಲ್ಲ. ಮೊಬೈಲಿನ ಅನುವಾದದ ಆ್ಯಪ್ ಇದೆ, ಹೇಗೋ ನಡೆಯುತ್ತದೆ ಅಂದುಕೊಂಡಿದ್ದೆ.

ಹದಿನೈದು ದಿನದಿಂದ ತಲೆ ಕೆಟ್ಟಿದೆ. ಒಂದು ಸುದ್ದಿಯಲ್ಲಿ ಪೊಲೀಸರು 'ಹುಣಸೆ ದೆವ್ವ'ಗಳನ್ನು ಹಿಡಿದರು ಅಂತ ಬರುತ್ತದೆ. ಇನ್ನೊಂದರಲ್ಲಿ 'ಕೋಳಿಗೂಡಿನ ತಾಯಿ'ಯನ್ನು ಕೋರ್ಟಿಗೆ ಕರೆತಂದರು ಅಂತ. ಮತ್ತೊಂದರಲ್ಲಿ ಹುಡುಗಿಯರು 'ಮೀನಿನ ತೊಟ್ಟಿ'ಯಲ್ಲಿ ಕೂತಿದ್ದರು, 'ಅತಿಥಿ'ಗಳು ಬಂದು ಆರಿಸಿಕೊಂಡರು ಅಂತ. ಆ್ಯಪ್ ಹಾಳಾಗಿದೆ ಅಂದುಕೊಂಡು ಬೇರೆ ಹಾಕಿಕೊಂಡು ನೋಡಿದೆ. ಅದೂ ಅದನ್ನೇ ಹೇಳುತ್ತದೆ.

ಗೈಡ್ ಹತ್ತಿರ ಕೇಳಿದರೆ 'ಕಾಮದಂಧೆ ಅಂತ ಒಂದೇ ಪದ ಹಾಕಿಬಿಡಮ್ಮ' ಅನ್ನುತ್ತಾರೆ. ಹಾಗೆ ಹಾಕಿದರೆ ನಾನು ನೋಡಬೇಕೆಂದು ಹೊರಟಿದ್ದೇ ಮಾಯ ಆಗುತ್ತದೆ ಅಲ್ವಾ? ಥಾಯ್ ಬಲ್ಲವರು, ಅಲ್ಲಿ ಇದ್ದು ಬಂದವರು ಯಾರಾದರೂ ಇದ್ದರೆ ಹೇಳಿ. ಇವು ನಿಜವಾದ ಮಾತುಗಳಾ? ಪತ್ರಿಕೆಯವರು ಇದನ್ನೆಲ್ಲ ಯಾವ ಸಂಕೋಚವೂ ಇಲ್ಲದೆ ಬರೆಯುತ್ತಾರಾ?


ಸುಖುಮ್ವಿತ್_ಕನ್ನಡಿಗ ಬರೆದದ್ದು:

ಆ್ಯಪ್ ಹಾಳಾಗಿಲ್ಲ ಮೇಡಂ. ಅಕ್ಷರಕ್ಕಕ್ಷರ ಸರಿಯಾಗಿಯೇ ಹೇಳಿದೆ. ನಾನು ಒಂಬತ್ತು ವರ್ಷದಿಂದ ಬ್ಯಾಂಕಾಕ್‌ನಲ್ಲಿದ್ದೇನೆ. ಥಾಯ್ ಓದಲು ಕಲಿತದ್ದೇ ಬೀದಿ ಹೋಟೆಲಿನ ಮೇಜಿನ ಮೇಲೆ ಬಿದ್ದಿರುವ ಪೇಪರಿನಲ್ಲಿ. ಹಾಗಾಗಿ ಮೊದಲು ಬಂದ ಪದಗಳೆಲ್ಲ ಕೊಲೆ, ಅಪಘಾತ, ಲಾಟರಿ ಮತ್ತು ನೀವು ಕೇಳಿದ ಈ ಬಾಬತ್ತು.

'ಪೀ ಮಖಾಮ್' ಅಂದರೆ ಹುಣಸೆಮರದ ದೆವ್ವ. ಬ್ಯಾಂಕಾಕ್‌ನ ಅರಮನೆ ಎದುರು ಸನಾಮ್ ಲುವಾಂಗ್ ಅಂತ ದೊಡ್ಡ ಮೈದಾನ ಇದೆ, ಅದರ ಸುತ್ತ ಸಾಲಾಗಿ ಹುಣಸೆಮರ. ರಾತ್ರಿ ಆ ಮರಗಳ ಕೆಳಗೆ ಗಿರಾಕಿಗೆ ಕಾಯುತ್ತಾ ನಿಲ್ಲುತ್ತಿದ್ದ ಹೆಂಗಸರಿಗೆ ಇಟ್ಟ ಹೆಸರು ಅದು. ಹಲಸಿನಮರದ ದೆವ್ವ, 'ಪೀ ಖನೂನ್', ಅಂತಲೂ ಇದೆ. ನಮ್ಮ ಕಡೆಯೂ ಹುಣಸೆಮರದಲ್ಲಿ ದೆವ್ವ ಇರುತ್ತದೆ ಅಂತ ಅಜ್ಜಿ ಹೆದರಿಸುತ್ತಿದ್ದರಲ್ಲ, ಹಾಗಾಗಿ ಈ ಮಾತು ನಮಗೆ ಬೇಗ ಹಿಡಿಯುತ್ತದೆ. ಆದರೆ ಅಜ್ಜಿಯ ದೆವ್ವ ಹೆದರಿಸುತ್ತಿತ್ತು. ಪೇಪರಿನ ದೆವ್ವವನ್ನು ಪೊಲೀಸರು ವ್ಯಾನಿಗೆ ತುಂಬುತ್ತಾರೆ.

'ಮೇ ಲಾವ್' ಅಂದರೆ ಕೋಳಿಗೂಡಿನ ತಾಯಿ. ನಮ್ಮಲ್ಲಿ ಘರ್‌ವಾಲಿ ಅನ್ನುತ್ತಾರಲ್ಲ, ವೇಶ್ಯಾಗೃಹ ನಡೆಸುವವಳು, ಅವಳು. ತಾಯಿ ಗೂಡಿನವಳಾದ ಮೇಲೆ ಒಳಗಿರುವವರು ಕೋಳಿಗಳೇ. 'ಕಾಯ್', ಕೋಳಿ, ಅನ್ನುವುದು ಬೀದಿ ಮಾತಿನಲ್ಲಿ ಇದ್ದೇ ಇದೆ. ದಲ್ಲಾಳಿಗೆ 'ಮೇಂಗ್ ದಾ' ಅನ್ನುತ್ತಾರೆ. ಸಮುದ್ರದಲ್ಲಿ ಕುದುರೆ ಲಾಳದ ಆಕಾರದ ಒಂದು ಏಡಿ ಇದೆ, ಅದರ ಗಂಡು ಹೆಣ್ಣಿನ ಬೆನ್ನಿಗೆ ಅಂಟಿಕೊಂಡೇ ಸಾಗುತ್ತದೆ. ಆ ಹೆಸರು ಇಟ್ಟವನಿಗೆ ಮಾತ್ರ ನಾನು ಕೈಮುಗಿಯುತ್ತೇನೆ. 'ಮೀನಿನ ತೊಟ್ಟಿ' ಅಂದರೆ 'ತೂ ಪ್ಲಾ', ದೊಡ್ಡ ಮಸಾಜ್ ಪಾರ್ಲರ್‌ಗಳಲ್ಲಿ ಗಾಜಿನ ಗೋಡೆಯ ಆಚೆ ಮೆಟ್ಟಿಲು ಮೆಟ್ಟಿಲಾಗಿ ಹೆಂಗಸರನ್ನು ಕೂರಿಸಿರುವ ಕೋಣೆ. ಎದೆಗೆ ಒಂದು ನಂಬರ್ ಬಿಲ್ಲೆ.

ಈಗ ಆ ಕಡೆ ನೋಡಿ. ಹಣ ಕೊಡುವವನಿಗೆ ಏನನ್ನುತ್ತಾರೆ? 'ಖೇಕ್', ಅಂದರೆ ಅತಿಥಿ. 'ರಪ್ ಖೇಕ್' ಅಂದರೆ ಅತಿಥಿಯನ್ನು ಬರಮಾಡಿಕೊಳ್ಳುವುದು. ಮನೆಗೆ ನೆಂಟರು ಬಂದರೂ ಅದೇ ಮಾತು. ಇಲ್ಲವೇ 'ನಕ್ ಥಿಯಾವ್', ತಿರುಗಾಡಲು ಬಂದವನು. ಪ್ರವಾಸಿ ಅನ್ನುವುದಕ್ಕೆ 'ನಕ್ ಥೋಂಗ್ ಥಿಯಾವ್', ಒಂದೇ ಒಂದು ತುಂಡು ಜಾಸ್ತಿ. ದುಡ್ಡಿನ ಕುಳವಾದರೆ 'ಸಿಯಾ', ನಮ್ಮ 'ಧಣಿ' ಇದ್ದ ಹಾಗೆ. ಹೀಗೆ ಒಂದೇ ಕೋಣೆಯಲ್ಲಿ ಇಬ್ಬರು ಇರುತ್ತಾರೆ, ಒಬ್ಬ ಅತಿಥಿ, ಒಬ್ಬಳು ಕೋಳಿ. ನಿಮ್ಮ ಪ್ರಬಂಧ ಇಲ್ಲಿಂದ ಶುರುವಾಗಬೇಕು ಅಂತ ನನಗನ್ನಿಸುತ್ತದೆ. ಅವಳಿಗೆ ಯಾವ ಕೆಟ್ಟ ಪದ ಇದೆ ಅಂತ ಪಟ್ಟಿ ಮಾಡುವುದು ಸುಲಭ. ಅವನಿಗೆ ಒಂದೂ ಕೆಟ್ಟ ಪದ ಇಲ್ಲ ಅನ್ನುವುದು ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ.

ಇನ್ನೊಂದು ತಮಾಷೆ. 'ಖೇಕ್' ಅಂದರೆ ಅತಿಥಿ ಅಂತ ಮಾತ್ರ ಅಲ್ಲ. ನಾವು, ಅಂದರೆ ಭಾರತದ ಕಡೆಯವರು, ಪಶ್ಚಿಮದಿಂದ ಬಂದ ಕಂದು ಮೈಬಣ್ಣದವರೆಲ್ಲ ಇಲ್ಲಿ ಖೇಕ್. ಯಾವ ಸುದ್ದಿಯಲ್ಲಿ ಯಾವ ಖೇಕ್ ಅಂತ ಸಂದರ್ಭ ನೋಡಿ ತಿಳಿಯಬೇಕು. ಬಾರುಗಳಿಗೆ ಹೆಸರಾದ ಪಟ್ಟಾಯ ಊರಿನ ಸುದ್ದಿಯಾದರೆ ಎರಡೂ ಇರಬಹುದು, ಹೇಳಲು ಬರುವುದಿಲ್ಲ.

ಪತ್ರಿಕೆಯವರು ಸಂಕೋಚ ಇಲ್ಲದೆ ಬರೆಯುತ್ತಾರಾ ಅಂದಿರಿ. ತಲೆಬರಹದಲ್ಲಿ ಹೌದು, ಒಳಗಿನ ಪ್ಯಾರಾದಲ್ಲಿ ಅಷ್ಟಿಲ್ಲ. ಒಳಗೆ 'ಖಾಯ್ ಬೊರಿಕಾನ್', ಸೇವೆ ಮಾರುವವಳು, ಅಂತ ಮೆತ್ತಗೆ ಬರೆಯುತ್ತಾರೆ. ಹೆಸರು ಮುಚ್ಚಬೇಕಾದಾಗ 'ಕುಮಾರಿ ಎ', ಪಕ್ಕದಲ್ಲಿ 'ನಾಮ್ ಸೊಮ್ಮುತ್', ಅಂದರೆ ಕಲ್ಪಿತ ಹೆಸರು, ಅಂತ ಹಾಕುತ್ತಾರೆ. ಹೆಸರೇನೋ ಮುಚ್ಚಿತು. ಊರು, ವಯಸ್ಸು, ಮನೆಯ ಬೀದಿ ಎಷ್ಟೋ ಸಲ ಹಾಗೇ ಉಳಿದಿರುತ್ತವೆ.


ಹಳೆ_ಡೆಸ್ಕು ಬರೆದದ್ದು:

ಮೇಲಿನವರು ಬೀದಿ ಮಾತು ಹೇಳಿದರು. ನಾನು ಸರ್ಕಾರಿ ಪದಗಳ ಕಡೆಯಿಂದ ಬರುತ್ತೇನೆ, ಯಾಕೆಂದರೆ ವರದಿಗಾರ ಅರ್ಧ ಭಾಷೆಯನ್ನು ಪೊಲೀಸ್ ಟಿಪ್ಪಣಿಯಿಂದಲೇ ಎತ್ತುತ್ತಾನೆ. ಇಪ್ಪತ್ತೆರಡು ವರ್ಷ ಕನ್ನಡ ಪತ್ರಿಕೆಯ ಡೆಸ್ಕಿನಲ್ಲಿ ಕೂತವನು ನಾನು, ಈ ರೋಗ ನನಗೆ ಗೊತ್ತು.

ಥಾಯ್ ಭಾಷೆಯಲ್ಲಿ ವೇಶ್ಯೆಗೆ ತುಂಬ ಬಳಕೆಯ ಪದ 'ಸೋಪೇನಿ'. ಅವರ ಲಿಪಿಯಲ್ಲಿ ನೋಡಿದರೆ ಭ ಇದೆ, ಣ ಇದೆ. ಮೂಲ ಪಾಲಿಯ 'ನಗರಸೋಭಿನೀ', ನಮ್ಮ ಮಾತಿನಲ್ಲಿ ನಗರಕ್ಕೆ ಶೋಭೆ ತರುವವಳು. ಅಚ್ಚ ಥಾಯ್‌ನಲ್ಲೂ ಅದೇ ಅರ್ಥದ ಹಳೆಯ ಮಾತಿದೆ, 'ಯಿಂಗ್ ಙಾಮ್ ಮುವಾಂಗ್', ಊರಿನ ಚೆಲುವೆ. ಎಷ್ಟು ಎತ್ತರದಿಂದ ಬಿದ್ದ ಪದ ನೋಡಿ. ಇವತ್ತು ಅದನ್ನು ಮುಖಕ್ಕೆ ಹೇಳಿದರೆ ಕಪಾಳಕ್ಕೆ ಬೀಳುತ್ತದೆ. ಅದಕ್ಕಿಂತ ಒರಟಾದದ್ದು 'ಕರೀ'. ಹಿಂದೂಸ್ತಾನಿಯ 'ಛೋಕ್ರಿ'ಯಿಂದ ಬಂತು ಅಂತ ಹೇಳುತ್ತಾರೆ. ನಮ್ಮ ಕಡೆಯಿಂದ ಹಡಗು ಹತ್ತಿ ಹೋದ 'ಹುಡುಗಿ' ಅಲ್ಲಿ ಇಳಿಯುವಾಗ ಬೈಗುಳ ಆಗಿದ್ದಾಳೆ. ಸಾರಿನ ಕರಿಗೂ ಅವರು ಅದನ್ನೇ ಅನ್ನುತ್ತಾರೆ, ಹಾಗಾಗಿ ಕರಿಪಫ್ ಮೇಲೆ ಪೋಲಿ ಜೋಕುಗಳು ಬೇಕಾದಷ್ಟಿವೆ.

ಕಾನೂನಿನ ಪದ ಇನ್ನೂ ವಿಚಿತ್ರ. 1996ರ ಕಾಯ್ದೆಯ ಹೆಸರಿನಲ್ಲೇ ಇರುವುದು 'ಕಾನ್ ಖಾ ಪ್ರವೇನಿ'. ಖಾ ಅಂದರೆ ವ್ಯಾಪಾರ. ಪ್ರವೇನಿ ಅಂದರೆ ಈಗ ಸಂಭೋಗ. ಅದರ ಅವಳಿ ಪದ 'ಪ್ರಪೇನಿ', ಅದರ ಅರ್ಥ ಸಂಪ್ರದಾಯ! ಎರಡೂ ಒಂದೇ ಪಾಲಿ ಪದದಿಂದ ಒಡೆದವು. ಒಂದನ್ನು ಪ್ರವಾಸೋದ್ಯಮದ ಜಾಹೀರಾತಿಗೆ ಇಟ್ಟುಕೊಂಡರು, ಇನ್ನೊಂದನ್ನು ಎಫ್‌ಐಆರ್‌ಗೆ.

ಕಾಯ್ದೆಗಳನ್ನು ಸಾಲಾಗಿ ಇಟ್ಟರೆ ಸುದ್ದಿಯ ಭಾಷೆ ಯಾಕೆ ಹೀಗೆ ತಿರುಗಿತು ಅಂತ ತಿಳಿಯುತ್ತದೆ. 1908ರ ಕಾನೂನಿನ ಹೆಸರಲ್ಲಿ 'ಸಂಚಾರ ರೋಗ' ಇತ್ತು, ಅಂದರೆ ಹರಡುವ ಗುಹ್ಯರೋಗ ತಡೆಯುವುದು. ಮನೆ ನೋಂದಾಯಿಸಿ, ಬಾಗಿಲಿಗೆ ಲಾಂದ್ರ ತೂಗುಹಾಕಿ ಅಂದರು. ಹಸಿರು ಲಾಂದ್ರ ಹಾಕಿಕೊಂಡರು, ಅದಕ್ಕೇ ಆ ಮನೆಗಳಿಗೆ 'ಹಸಿರು ಲಾಂದ್ರ' ಅಂತಲೇ ಹೆಸರು ನಿಂತಿತು. ಆಗ ಅವಳು ಕಾನೂನಿನ ಕಣ್ಣಲ್ಲಿ ರೋಗ. 1960ರಲ್ಲಿ ಪೂರ್ತಿ ನಿಷೇಧ ಬಂತು, ಅವಳು ಅಪರಾಧಿ ಆದಳು. ಮಜಾ ಏನೆಂದರೆ ಏಳೇ ವರ್ಷಕ್ಕೆ, 1967ರಲ್ಲಿ, ವಿಯೆಟ್ನಾಂ ಯುದ್ಧದ ಅಮೆರಿಕನ್ ಸೈನಿಕರು ವಿಶ್ರಾಂತಿಗೆ ಬರುವ ಒಪ್ಪಂದ ಆಯಿತು. ಕಾಗದದ ಮೇಲೆ ನಿಷೇಧ, ವಾಯುನೆಲೆಗಳ ಸುತ್ತ ಬಾರುಗಳ ಸಾಲು. ಪತ್ರಿಕೆಗಳಿಗೆ 'ಮಿಯಾ ಚಾವ್', ಬಾಡಿಗೆ ಹೆಂಡತಿ, ಅನ್ನುವ ಪದ ಸಿಕ್ಕಿದ್ದು ಆ ಕಾಲದಲ್ಲಿ. ಬಾಡಿಗೆಗೆ ಹೋದವಳಿಗೆ ಹೆಸರು ಬಂತು, ಬಾಡಿಗೆಗೆ ಪಡೆದವನಿಗೆ ಬರಲಿಲ್ಲ. ಮೇಲಿನವರು ಹೇಳಿದ್ದು ಇಲ್ಲೂ ಸರಿಯಾಗಿ ಕೂರುತ್ತದೆ.

ಆಮೇಲೆ 1984ರ ಜನವರಿ. ಫುಕೆಟ್‌ನ ಒಂದು ವೇಶ್ಯಾಗೃಹಕ್ಕೆ ಬೆಂಕಿ ಬಿತ್ತು, ಹೊರಬರಲಾಗದೆ ಸಿಕ್ಕಿಕೊಂಡ ಐವರು ಹುಡುಗಿಯರು ಸುಟ್ಟು ಸತ್ತರು. ಆ ಸುದ್ದಿ ದೇಶವನ್ನು ಅಲ್ಲಾಡಿಸಿತು. ಉತ್ತರದ ಬಡ ಹಳ್ಳಿಗಳಲ್ಲಿ ಅಪ್ಪ ಅಮ್ಮನಿಗೆ ಮುಂಗಡ ಕೊಟ್ಟು ಹುಡುಗಿಯರನ್ನು ಬುಕ್ ಮಾಡುವ ಪದ್ಧತಿ ಮನೆಮಾತಾಯಿತು. ಅದಕ್ಕೆ 'ತೋಕ್ ಖಿಯಾವ್' ಅನ್ನುತ್ತಾರೆ. ಪೈರು ಹಸಿರಾಗಿರುವಾಗಲೇ ಸಾಹುಕಾರ ಬಂದು ಬೆಲೆ ಕಟ್ಟಿ ಮುಂಗಡ ಕೊಟ್ಟುಹೋಗುತ್ತಾನಲ್ಲ, ಆ ವ್ಯವಹಾರದ ಪದ. ಕನ್ನಡ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಪೈರಿನ ಜಾಗದಲ್ಲಿ ಆರನೇ ಕ್ಲಾಸ್ ಮುಗಿಸಿದ ಮಗಳು, ಅಷ್ಟೇ.

ಅಲ್ಲಿಂದ ಮುಂದೆ ಅವಳು 'ಯುವಾ', ಬಲಿಪಶು. ಈ ಪದದ ಮೇಲೆ ಗೆರೆ ಎಳೆದುಕೊಳ್ಳಿ. ಥಾಯ್‌ನಲ್ಲಿ ಅದಕ್ಕೆ ಎರಡು ಅರ್ಥ. ಒಂದು ಬಲಿಪಶು. ಇನ್ನೊಂದು ಗಾಳಕ್ಕೆ ಸಿಕ್ಕಿಸುವ ಎರೆ. ಪೊಲೀಸರು ಮಾರುವೇಷದಲ್ಲಿ ಹೋಗಿ ಗುರುತು ಹಾಕಿದ ನೋಟು ಕೊಟ್ಟು ಹಿಡಿಯುವುದಕ್ಕೆ 'ಲೋ ಸೂ' ಅನ್ನುತ್ತಾರೆ, ಆಸೆ ತೋರಿಸಿ ಕೊಳ್ಳುವುದು. ಹೀಗಾಗಿ ಒಂದೇ ದಾಳಿಯ ವರದಿಯಲ್ಲಿ ಅವಳನ್ನು ಕಾಪಾಡುತ್ತಾರೆ, ಹಿಡಿಯುತ್ತಾರೆ, ದಂಡ ಹಾಕುತ್ತಾರೆ, ಮೂರೂ ಒಟ್ಟಿಗೆ. 1996ರ ಕಾಯ್ದೆಯಲ್ಲಿ ಬಹಿರಂಗವಾಗಿ ಗಿರಾಕಿ ಕರೆದರೆ 1,000 ಬಾತ್‌ವರೆಗೆ ದಂಡ. ವಯಸ್ಕಳ ಹತ್ತಿರ ಹೋದ ಗಿರಾಕಿಗೆ ಏನೂ ಇಲ್ಲ. 18ರ ಕೆಳಗಿನವರ ಹತ್ತಿರ ಹೋದರೆ ಮಾತ್ರ ಜೈಲು.

ನಮ್ಮಲ್ಲೂ ನಾನು ಏನು ಕಡಿದು ಕಟ್ಟೆ ಹಾಕಿಲ್ಲ ಬಿಡಿ. 'ಹೈಟೆಕ್ ವೇಶ್ಯಾವಾಟಿಕೆ ಅಡ್ಡೆ ಮೇಲೆ ದಾಳಿ, ಐವರು ಯುವತಿಯರ ರಕ್ಷಣೆ' ಅನ್ನುವ ತಲೆಬರಹವನ್ನು ಈ ಕೈಯಲ್ಲಿ ಎಷ್ಟು ಸಲ ಬರೆದೆನೋ. ರಕ್ಷಣೆಯಾದ ಮೇಲೆ ಅವರು ಎಲ್ಲಿ ಹೋದರು ಅಂತ ಒಂದು ದಿನವೂ ಕೇಳಲಿಲ್ಲ. 'ವಿಟಪುರುಷರು' ಅಂತ ಬರೆಯುವಾಗ ಮಾತ್ರ ಡೆಸ್ಕಿನಲ್ಲಿ ಎಲ್ಲರೂ ನಗುತ್ತಿದ್ದೆವು. 2023ರಲ್ಲಿ ನಮ್ಮ ಸುಪ್ರೀಂ ಕೋರ್ಟ್ ಕೈಪಿಡಿ ತಂದು ಇಂಥ ಪದ ಬಿಟ್ಟು ಇಂಥದ್ದು ಬಳಸಿ ಅಂದಾಗ ನಾನು ನಿವೃತ್ತನಾಗಿದ್ದೆ. ಬಚಾವಾದೆ ಅನ್ನಬೇಕೋ ಏನೋ.


ಉಪ್ಪುಖಾರ ಬರೆದದ್ದು:

ಎಲ್ಲ ಸರಿ, ಒಂದು ಮಾತು ಕೇಳುತ್ತೇನೆ, ಸಿಟ್ಟಾಗಬೇಡಿ. ಪದ ಬದಲಾಯಿಸಿದರೆ ಏನಾಗುತ್ತದೆ? ಈಗ 'ಸೇವೆ ಮಾರುವವಳು' ಅಂತ ಮೆತ್ತಗೆ ಬರೆಯುತ್ತಾರೆ ಅಂತ ನೀವೇ ಹೇಳಿದಿರಿ. ದಾಳಿ ನಿಂತಿತಾ? ಲಂಚ ನಿಂತಿತಾ? ಇದೆಲ್ಲ ವಿಶ್ವವಿದ್ಯಾಲಯದವರಿಗೆ ಪ್ರಬಂಧ ಬರೆಯಲು ಸಿಗುವ ಮೇವು. ಆ ಹೆಂಗಸಿಗೆ ಬೇಕಾದ್ದು ಸಂಬಳ, ರಜೆ, ಆಸ್ಪತ್ರೆ ಚೀಟಿ. ಅವಳನ್ನು ಕೋಳಿ ಅಂದರೂ ಕಾರ್ಯಕರ್ತೆ ಅಂದರೂ ಬಾಡಿಗೆ ಅಷ್ಟೇ ಕಟ್ಟಬೇಕು.


ಸುಖುಮ್ವಿತ್_ಕನ್ನಡಿಗ ಬರೆದದ್ದು:

ಉಪ್ಪುಖಾರ ಅವರೇ, ಸಿಟ್ಟೇನಿಲ್ಲ. ಅರ್ಧ ಒಪ್ಪುತ್ತೇನೆ. ಇಲ್ಲಿನ ಲೈಂಗಿಕ ಕಾರ್ಯಕರ್ತೆಯರ ಎಂಪವರ್ ಅನ್ನುವ ಸಂಸ್ಥೆ ಕೂಡ ಹೆಚ್ಚುಕಡಿಮೆ ನಿಮ್ಮ ಮಾತನ್ನೇ ಹೇಳುತ್ತದೆ. 1985ರಲ್ಲಿ ಬ್ಯಾಂಕಾಕ್‌ನ ಪಟ್‌ಪಾಂಗ್ ಬಾರ್ ಬೀದಿಯಲ್ಲಿ ಶುರುವಾದದ್ದು. ಚಿಯಾಂಗ್ ಮಾಯ್‌ನಲ್ಲಿ ಈ ಹೆಂಗಸರೇ ಸೇರಿ ನಡೆಸುವ ಒಂದು ಬಾರ್ ಕೂಡ ಮಾಡಿದರು, ಕೆಲಸದ ಹೊತ್ತು, ರಜೆ ಎಲ್ಲ ಕಾರ್ಮಿಕ ಕಾನೂನಿನ ಪ್ರಕಾರ. ಅವರು ತಮ್ಮನ್ನು ಕರೆದುಕೊಳ್ಳುವುದು 'ಪನಕ್‌ಙಾನ್ ಬೊರಿಕಾನ್', ಸೇವಾ ನೌಕರರು. ಪನಕ್‌ಙಾನ್ ಅಂದರೆ ಬ್ಯಾಂಕಿನಲ್ಲಿ, ಅಂಗಡಿಯಲ್ಲಿ ಕೆಲಸ ಮಾಡುವ ನೌಕರ, ಅದೇ ಪದ. ಹಾಗೆ ಕರೆದ ತಕ್ಷಣ ಮುಂದಿನ ಪ್ರಶ್ನೆ ತಾನಾಗಿ ಬರುತ್ತದೆ. ನೌಕರ ಅಂದ ಮೇಲೆ ಮಾಲೀಕ ಯಾರು? ಸಂಬಳ ಎಷ್ಟು? ತಡವಾಗಿ ಬಂದರೆ ಎಷ್ಟು ಕತ್ತರಿಸುತ್ತಾನೆ? ಕೋಳಿಗೆ ಅಥವಾ ದೆವ್ವಕ್ಕೆ ಯಾರೂ ರಜೆ ಎಷ್ಟು ಅಂತ ಕೇಳುವುದಿಲ್ಲ ಅಲ್ವಾ?

ಲಂಚದ ಬಗ್ಗೆ ಅಂದಿರಿ. ಇಲ್ಲಿ ಪತ್ರಿಕೆಗಳು ಅದಕ್ಕೆ 'ಸುವಾಯ್' ಅನ್ನುತ್ತವೆ, ಹಳೆಯ ಕಾಲದ ಕಪ್ಪಕಾಣಿಕೆಯ ಪದ. 2016ರಲ್ಲಿ ಬ್ಯಾಂಕಾಕ್‌ನ ಒಂದು ದೊಡ್ಡ ಮಸಾಜ್ ಪಾರ್ಲರ್ ಮೇಲೆ ದಾಳಿಯಾದಾಗ ಯಾವ ಇಲಾಖೆಗೆ ಎಷ್ಟು ಸುವಾಯ್ ಅಂತ ಬರೆದಿಟ್ಟ ಲೆಕ್ಕದ ಪುಸ್ತಕ ಸಿಕ್ಕಿತು. 2018ರ ಜನವರಿಯಲ್ಲಿ ಇನ್ನೊಂದರ ಮೇಲೆ ದಾಳಿ. ಪತ್ರಿಕೆಗಳು ಅಧಿಕಾರಿಗಳನ್ನು ಬಿಟ್ಟುಬಿಟ್ಟವು ಅಂತ ನಾನು ಹೇಳುವುದಿಲ್ಲ, ಬರೆದರು. ಆದರೆ ಫೋಟೋ ಯಾರದು? ನೆಲದ ಮೇಲೆ ಸಾಲಾಗಿ ಕೂರಿಸಿದ ಹೆಂಗಸರದು. ಈ ಚಿತ್ರವನ್ನು ಒಮ್ಮೆ ಸರಿಯಾಗಿ ನೋಡಿ ಮೇಡಂ, ಪದಕ್ಕಿಂತ ಜಾಸ್ತಿ ಹೇಳುತ್ತದೆ. ಸಮವಸ್ತ್ರದವರು ನಿಂತಿರುತ್ತಾರೆ, ಹೆಂಗಸರು ನೆಲದಲ್ಲಿ. ಪಕ್ಕದ ಮೇಜಿನ ಮೇಲೆ ನಂಬರ್ ಹಾಕಿದ ನೋಟು, ಕಾಂಡೋಮ್ ಪೊಟ್ಟಣ. ಒಬ್ಬ ಅಧಿಕಾರಿ ಬೆರಳು ಚಾಚಿ ತೋರಿಸುತ್ತಿರುತ್ತಾನೆ, ಅದು ಇಲ್ಲಿನ ಪೊಲೀಸ್ ಫೋಟೋದ ಶೈಲಿ. 1991ರಿಂದ ದೇಶಾದ್ಯಂತ ಕಾಂಡೋಮ್ ಕಡ್ಡಾಯ ಅಂತ ಕಾರ್ಯಕ್ರಮ ನಡೆಸಿ ಏಡ್ಸ್ ತಗ್ಗಿಸಿದ ದೇಶ ಇದು, ಪ್ರಪಂಚವೇ ಹೊಗಳಿತು. ಅದೇ ಕಾಂಡೋಮ್ ಮರುದಿನದ ಪೇಪರಿನಲ್ಲಿ ಸಾಕ್ಷಿ.


ಪಟ್ಟಾಯ_ಪಾಳಿ ಬರೆದದ್ದು:

ನಾನು ಹನ್ನೊಂದು ವರ್ಷ ಬೆಂಗಳೂರು, ದಾವಣಗೆರೆ ಕಡೆಯ ಗುಂಪುಗಳನ್ನು ಪಟ್ಟಾಯಕ್ಕೆ ಕರೆದುಕೊಂಡು ಹೋಗಿದ್ದೇನೆ. ಪತ್ರಿಕೆ ಭಾಷೆ ಗೊತ್ತಿಲ್ಲ, ಬಸ್ಸಿನ ಭಾಷೆ ಗೊತ್ತು, ಅದನ್ನು ಇಲ್ಲಿ ಬರೆಯಲು ಆಗುವುದಿಲ್ಲ.

ಒಂದೇ ವಿಷಯ ಸೇರಿಸುತ್ತೇನೆ. ಅಲ್ಲಿನ ಸುದ್ದಿಗೆ ಸಿಟ್ಟು ಬರುವುದು ಕೆಲಸದ ಮೇಲೆ ಅಲ್ಲ, ಹೊರಗಿನವರು ಅದರ ಬಗ್ಗೆ ಮಾತಾಡಿದಾಗ. 2017ರಲ್ಲಿ ಬ್ರಿಟನ್ನಿನ ಪತ್ರಿಕೆಗಳು ಪಟ್ಟಾಯವನ್ನು ಪ್ರಪಂಚದ ಸೆಕ್ಸ್ ರಾಜಧಾನಿ ಅಂದವು. ನಾನು ಆ ವಾರ ಅಲ್ಲೇ ಇದ್ದೆ. ಬಾರುಗಳಿರುವ ವಾಕಿಂಗ್ ಸ್ಟ್ರೀಟ್ ತುಂಬ ತಪಾಸಣೆ. ನಮ್ಮ ಥಾಯ್ ಗೈಡ್ ಪೇಪರ್ ಓದಿ ಹೇಳುತ್ತಿದ್ದ, ದೇಶದ 'ಪಾಪ್‌ಲಕ್' ಹಾಳಾಯಿತಂತೆ ಅಂತ. ಪಾಪ್‌ಲಕ್ ಅಂದರೆ ಇಮೇಜು. 1993ರಲ್ಲಿ ಒಂದು ಇಂಗ್ಲಿಷ್ ನಿಘಂಟು ಬ್ಯಾಂಕಾಕ್ ಅಂದರೆ ವೇಶ್ಯೆಯರು ಜಾಸ್ತಿ ಇರುವ ಊರು ಅಂತ ಬರೆದಾಗಲೂ ಹೀಗೇ ಗಲಾಟೆ ಆಗಿತ್ತಂತೆ. ಇಮೇಜಿಗೆ ಮಸಿ ಬಳಿದವರು ಅಂತ 2017ರಲ್ಲಿ ಕೊನೆಗೆ ದಂಡ ಕಟ್ಟಿದ್ದು ಮಾತ್ರ ಪಟ್ಟಾಯದ ಬೀಚ್ ರೋಡಿನಲ್ಲಿ ನಿಂತಿದ್ದ ಹೆಂಗಸರು. ನಮ್ಮ ಗುಂಪಿನವರು ಆ ರಾತ್ರಿಯೂ ತಿರುಗಾಡಿ ಬಂದರು, ಯಾರೂ ಕೇಳಲಿಲ್ಲ. ಮೇಲೆ ಹೇಳಿದರಲ್ಲ ಅತಿಥಿ ಅಂತ, ಅದೇ.

ಮಂಗಳಮುಖಿಯರ ಬಗ್ಗೆ ಯಾರೂ ಬರೆದಿಲ್ಲ. ಪಟ್ಟಾಯ ಸುದ್ದಿಯಲ್ಲಿ ಅವರು ಬಂದರೆ ಸಾಮಾನ್ಯವಾಗಿ ಪ್ರವಾಸಿಯ ಚಿನ್ನದ ಸರ ಕಿತ್ತುಕೊಂಡರು ಅಂತಲೇ. ಕಿತ್ತುಕೊಂಡವರು ಇದ್ದಾರೆ, ಸುಳ್ಳಲ್ಲ. ದುಡ್ಡು ಕೊಡದೆ ಓಡಿಹೋದ ನಮ್ಮವರೂ ಇದ್ದಾರೆ, ಅದು ಯಾವ ಪೇಪರಿನಲ್ಲೂ ಬಂದದ್ದು ನಾನು ನೋಡಿಲ್ಲ.


ತುಂಗೆ_ದಡದವಳು ಬರೆದದ್ದು:

ಎಲ್ಲರಿಗೂ ತುಂಬ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಗೈಡ್‌ಗೆ ಈ ಅತಿಥಿ ಮತ್ತು ಕೋಳಿ ತೋರಿಸಿದೆ, ಸುಮ್ಮನಾದರು.

ಇನ್ನೊಂದು ಅನುಮಾನ. ನನಗೆ ಸಿಕ್ಕ ಸುದ್ದಿಗಳಲ್ಲಿ ಎಲ್ಲವೂ ಬೈಯುವಂಥವಲ್ಲ. ಕೆಲವು ಅಳಿಸುವಂಥವು. ಹುಡುಗಿ ಊರಿಗೆ ಹಣ ಕಳಿಸುತ್ತಾಳೆ, ತಮ್ಮನನ್ನು ಓದಿಸುತ್ತಾಳೆ, ಅಮ್ಮನಿಗೆ ಮನೆ ಕಟ್ಟಿಸಿದಳು ಅಂತ. ಅಲ್ಲಿ 'ಕತನ್ಯೂ' ಅನ್ನುವ ಪದ ಮತ್ತೆ ಮತ್ತೆ ಬರುತ್ತದೆ. ಅದು ನಮ್ಮ 'ಕೃತಜ್ಞ'ವಾ? ಇದು ಒಳ್ಳೆಯ ಚಿತ್ರಣ ಅಂತ ಪ್ರಬಂಧದಲ್ಲಿ ಬೇರೆ ಭಾಗ ಮಾಡಲಾ?


ಹಳೆ_ಡೆಸ್ಕು ಬರೆದದ್ದು:

ಹೌದಮ್ಮ, ಪಾಲಿಯ ಕತಞ್ಞೂ, ನಮ್ಮ ಕೃತಜ್ಞ. ಹೆತ್ತವರ ಋಣ ತೀರಿಸುವ ಗುಣ. ಥಾಯ್ ಸಮಾಜದಲ್ಲಿ ಗಂಡುಮಗ ಸ್ವಲ್ಪ ದಿನ ಭಿಕ್ಷುವಾಗಿ ಕಾವಿ ತೊಟ್ಟರೆ ಅಪ್ಪ ಅಮ್ಮನಿಗೆ ಪುಣ್ಯ ಬರುತ್ತದೆ. ಹೆಣ್ಣುಮಗಳಿಗೆ ಆ ದಾರಿ ಇಲ್ಲ, ಹಾಗಾಗಿ ಅವಳು ದುಡಿದು ಕಳಿಸಿ ತೀರಿಸಬೇಕು. ಪತ್ರಿಕೆಗೆ ಈ ಕಥೆ ಇಷ್ಟ.

ಬೇರೆ ಭಾಗ ಮಾಡಿ, ಆದರೆ ಒಳ್ಳೆಯ ಚಿತ್ರಣ ಅಂತ ಹೆಸರಿಡಬೇಡಿ. ಆ ಕಥೆಯಲ್ಲಿ ಅವಳು ಕ್ಷಮೆಗೆ ಅರ್ಹಳಾಗುವುದು ಹಣ ಅಮ್ಮನಿಗೆ ಹೋಯಿತು ಅನ್ನುವ ಕಾರಣಕ್ಕೆ. ಅದೇ ಹಣದಲ್ಲಿ ತನಗೆ ಒಂದು ಸ್ಕೂಟರ್ ತಗೊಂಡಿದ್ದರೆ? ಕಥೆ ಕೆಟ್ಟಿತು. ಕೆಟ್ಟವಳು, ಬಲಿಪಶು, ಒಳ್ಳೆ ಮಗಳು. ಈ ಮೂರು ಬಿಟ್ಟು ನಾಲ್ಕನೆಯದು ಸಿಗುತ್ತದಾ ಹುಡುಕಿ.

ಫಯಾವ್ ಪ್ರಾಂತ್ಯದ ದೋಕ್ ಖಮ್‌ತಾಯ್ ಅನ್ನುವ ಊರನ್ನೂ ನೋಡಿ. ಹೆಸರೇ ಒಂದು ಹೂವಿನದು. ಅಲ್ಲಿಂದ ತುಂಬ ಹುಡುಗಿಯರು ಹೋದರು ಅಂತ ಪತ್ರಿಕೆಗಳು ಎಷ್ಟು ಬರೆದವೆಂದರೆ ಊರಿನ ಹೆಸರೇ ಆ ಕೆಲಸಕ್ಕೆ ಇನ್ನೊಂದು ಹೆಸರಾಯಿತು. ಅಲ್ಲಿ ಹುಟ್ಟಿದ ಟೀಚರ್, ನರ್ಸ್ ಎಲ್ಲರೂ ನಿಮ್ಮ ಊರು ಯಾವುದು ಅಂದರೆ ತಡವರಿಸಬೇಕಾಯಿತು. 2020ರ ಕೊನೆಯಲ್ಲಿ ಕೊರೊನಾ ಹೊತ್ತಿಗೆ ಇದೇ ಆಟ ಮತ್ತೆ ನಡೆಯಿತು. ಗಡಿಯಾಚೆ ಮ್ಯಾನ್ಮಾರ್‌ನ ತಾಚಿಲೇಕ್‌ನಲ್ಲಿ ಕೆಲಸ ಮಾಡುತ್ತಿದ್ದ ಥಾಯ್ ಹೆಂಗಸರು ಕದ್ದು ಗಡಿ ದಾಟಿ ಊರಿಗೆ ಬಂದರು, ಕೆಲವರಿಗೆ ಸೋಂಕಿತ್ತು. ಯಾವ ಮಾಲ್, ಯಾವ ಹೊತ್ತು, ಯಾವ ವಾಹನ ಅಂತ ಅವರ ಓಡಾಟವೆಲ್ಲ ಸುದ್ದಿಯಾಯಿತು. ತಾಚಿಲೇಕ್ ಹುಡುಗಿ ಅನ್ನುವುದೇ ಒಂದು ಬೈಗುಳದ ಹಾಗಾಯಿತು. ಹೊಟ್ಟೆಪಾಡಿಗೆ ಆಚೆ ದಡಕ್ಕೆ ಯಾಕೆ ಹೋಗಬೇಕಾಯಿತು ಅನ್ನುವುದಕ್ಕೆ ಅಷ್ಟು ಜಾಗ ಸಿಗಲಿಲ್ಲ.


ಸುಖುಮ್ವಿತ್_ಕನ್ನಡಿಗ ಬರೆದದ್ದು:

ಕೊರೊನಾ ಅಂದಾಗ ನೆನಪಾಯಿತು, ಇದನ್ನು ಹೇಳಿ ಮುಗಿಸುತ್ತೇನೆ, ನಾಳೆ ಬೆಳಿಗ್ಗೆ ಆಫೀಸಿದೆ.

ನಾನು ಆಗ ಇದ್ದ ಕಟ್ಟಡದಲ್ಲಿ ಮೂರನೇ ಮಹಡಿಯಲ್ಲಿ ಒಬ್ಬರು ಇದ್ದರು. ಈಸಾನ್, ಅಂದರೆ ಈಶಾನ್ಯ ಥಾಯ್ಲೆಂಡ್ ಕಡೆಯವರು, ನಲವತ್ತರ ಹತ್ತಿರ. ನಾನು 'ಪೀ' ಅಂತ ಕರೆಯುತ್ತಿದ್ದೆ, ಅಂದರೆ ಅಕ್ಕ. ಥಾಯ್‌ನಲ್ಲಿ ಅಕ್ಕನಿಗೂ ಪೀ, ದೆವ್ವಕ್ಕೂ ಪೀ, ದನಿಯ ಏರಿಳಿತ ಮಾತ್ರ ಬೇರೆ. ಮೊದಲ ವರ್ಷ ನಾನು ದಿನವೂ ಅವರನ್ನು ದೆವ್ವ ಅಂತಲೇ ಕೂಗಿರಬೇಕು, ಒಂದು ದಿನವೂ ತಿದ್ದಲಿಲ್ಲ. ಕೆಲಸ ಏನು ಅಂತ ನಾನು ಕೇಳಿರಲಿಲ್ಲ. ಅವರು ಹೇಳುತ್ತಿದ್ದದ್ದು 'ರಾತ್ರಿ ಕೆಲಸ' ಅಂತ, ಅಷ್ಟೇ. ನೀವು ಹುಡುಕುತ್ತಿರುವ ಅಷ್ಟೂ ಪದಗಳಲ್ಲಿ ಒಂದನ್ನೂ ಅವರ ಬಾಯಲ್ಲಿ ನಾನು ಕೇಳಲಿಲ್ಲ.

2020ರ ಮಾರ್ಚ್‌ನಲ್ಲಿ ಬಾರುಗಳು ಮುಚ್ಚಿದವು. ಸರ್ಕಾರ ತಿಂಗಳಿಗೆ 5,000 ಬಾತ್ ಪರಿಹಾರ ಅಂತ ತಂದಿತು, ಯೋಜನೆಯ ಹೆಸರು 'ನಾವು ಒಬ್ಬರನ್ನೊಬ್ಬರು ಕೈಬಿಡುವುದಿಲ್ಲ'. ಅರ್ಜಿಯಲ್ಲಿ ವೃತ್ತಿ ಯಾವುದು ಅಂತ ಒಂದು ಕಾಲಂ. ಅಕ್ಕ ನನ್ನ ಲ್ಯಾಪ್‌ಟಾಪ್ ಮುಂದೆ ಕೂತು ಆ ಕಾಲಂ ನೋಡಿದರು. ಉಪ್ಪುಖಾರ ಅವರೇ, ಪದದಿಂದ ಏನಾಗುತ್ತದೆ ಅಂದಿರಲ್ಲ, ಅವತ್ತು ಆ ಖಾಲಿ ಪೆಟ್ಟಿಗೆಯಲ್ಲಿ ಏನು ಬರೆಯುವುದು ಅಂತ ನಾವಿಬ್ಬರೂ ಅರ್ಧ ಗಂಟೆ ಯೋಚಿಸಿದೆವು. ಕೊನೆಗೆ 'ಅಡುಗೆ ಸಹಾಯಕಿ' ಅಂತ ಹಾಕಿದರು. ಹಣ ಬರಲಿಲ್ಲ.

ಆಮೇಲೆ ಅವರು ಬೀದಿ ತುದಿಯಲ್ಲಿ ಬಾಳೆಹಣ್ಣು ಕರಿದು ಮಾರಲು ಶುರು ಮಾಡಿದರು. ಅದಕ್ಕೆ ಇಲ್ಲಿ 'ಕ್ಲುವಾಯ್ ಖೇಕ್' ಅನ್ನುತ್ತಾರೆ. ಖೇಕ್ ಬಾಳೆಹಣ್ಣು. ನಾನು ಹೋದ ದಿನ ಹಿಟ್ಟಿನ ಕೈ ಒರೆಸಿಕೊಂಡು ನಗುತ್ತಾ ಅಂದರು, 'ಮೊದಲು ಖೇಕ್ ಬರುತ್ತಿದ್ದರು, ಈಗ ಖೇಕ್ ಮಾರುತ್ತಿದ್ದೇನೆ, ಅದನ್ನು ತಿನ್ನಲು ಇನ್ನೊಬ್ಬ ಖೇಕ್ ಬಂದ'. ಮೂರು ಅರ್ಥ, ಒಂದೇ ಉಸಿರಿಗೆ. ಯಾವ ಪತ್ರಿಕೆಯವನೂ ಇಂಥ ತಲೆಬರಹ ಬರೆಯಲಾರ. ಇಪ್ಪತ್ತು ಬಾತ್‌ಗೆ ಹತ್ತು ತುಂಡು ಕೊಡುತ್ತಿದ್ದರು, ನನಗೆ ಹನ್ನೆರಡು.

ಅವರ ಗಾಡಿಯ ಕೊಕ್ಕೆಯಲ್ಲಿ ಒಂದು ಕಪ್ಪು ಜಾಕೆಟ್ ತೂಗುತ್ತಿತ್ತು. ಏಪ್ರಿಲ್ ತಿಂಗಳು, ಬ್ಯಾಂಕಾಕ್ ಬಿಸಿಲು, ಪಕ್ಕದಲ್ಲಿ ಕಾದ ಎಣ್ಣೆ. ಜಾಕೆಟ್ ಯಾಕೆ ಪೀ ಅಂದೆ. ಕೆಲಸದ ಚೀಲದಲ್ಲಿ ಯಾವಾಗಲೂ ಇರುತ್ತಿತ್ತು, ಅಭ್ಯಾಸ ಅಂದರು. ದಾಳಿಯಾದರೆ ಬಟ್ಟೆ ಹಾಕಿಕೊಳ್ಳುವುದಕ್ಕೆ ಮುಂಚೆ ಕ್ಯಾಮೆರಾ ಒಳಗೆ ಬಂದುಬಿಡುತ್ತದಂತೆ, ತಲೆ ಮೇಲೆ ಹೊದ್ದುಕೊಳ್ಳಲು ಏನಾದರೂ ಕೈಗೆ ಸಿಗಬೇಕಂತೆ. ಊರಲ್ಲಿ ಅಮ್ಮ ದಿನಾ ಸಂಜೆ ಟಿ.ವಿ. ನೋಡುತ್ತಾರೆ ಅಂದರು. ಆಮೇಲೆ ಎಣ್ಣೆ ಕಡೆ ತಿರುಗಿ ಮುಂದಿನ ಬಾಳೆಹಣ್ಣು ಬಿಟ್ಟರು.